ಮೇ ಮೂವತ್ತಾರರ ಹುಟ್ಟುಹಬ್ಬ

ಮೇ ೩೭, ೨೧೫೮
ಹೊಂಗೆಸಾಲು, ದಾವಣಗೆರೆ

ಪ್ರೀತಿಯ ಇಂಚರ ಅಜ್ಜಿಗೆ,

ನಿಮ್ಮ ಮೊಮ್ಮಗಳ ಮೊಮ್ಮಗಳು ಹಿಮಜಾ ಮಾಡುವ ನಮಸ್ಕಾರ. ಈ ಪತ್ರ ತಲುಪುವ ಹೊತ್ತಿಗೆ ನಿಮಗೆ ಒಂದು ವರ್ಷ ತುಂಬಿ ಕೆಲವೇ ದಿನಗಳಾಗಿರುತ್ತವೆ. ಹಾಲುಹಲ್ಲು ಮೂಡುತ್ತಿರುವ ಮಗುವನ್ನು ಅಜ್ಜಿ ಎನ್ನುವುದು ವಿಚಿತ್ರವೆಂದು ನನಗೂ ಗೊತ್ತು. ಆದರೆ ನನ್ನ ಅಜ್ಜಿಯ ಅಜ್ಜಿಯನ್ನು ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ. ಸದ್ಯಕ್ಕೆ ಇದನ್ನು ನಿಮ್ಮ ಅಪ್ಪ ಅಮ್ಮ ಓದಲಿ. ನಿಮಗೆ ಓದು ಬಂದ ಮೇಲೆ ನೀವೇ ಇನ್ನೊಮ್ಮೆ ಓದಿ. ನಾನು ಐದನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಈ ವರ್ಷ ತಾನೇ ಕಾಲೇಜು ಸೇರಿದ್ದೇನೆ. ಹಾಸ್ಟೆಲಿನಲ್ಲಿ ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಹಾಗಾಗಿ ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸದಾಗಿ ಕಾಣಬಹುದು, ಕೆಲವು ತಪ್ಪಾಗಿ ಕಾಣಬಹುದು. ಯಾವುದು ಹೊಸದು, ಯಾವುದು ತಪ್ಪು ಎಂದು ಎಷ್ಟೋ ಸಲ ನನಗೇ ತಿಳಿಯುವುದಿಲ್ಲ. ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದವರೆಲ್ಲ ಒಂದು ಹಿಂದೋಲೆ ಬರೆಯಬೇಕು. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಓಲೆ. ಅದು ನಿಜವಾಗಿ ತಲುಪುತ್ತದೆಯೇ ಎಂದು ಕೇಳಿದರೆ ನಮ್ಮ ಸರ್ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ವಿಳಾಸ ಸರಿಯಾಗಿ ಬರೆಯಿರಿ ಎನ್ನುತ್ತಾರೆ, ಅಷ್ಟೆ. ನನ್ನ ಕ್ಲಾಸಿನವರು ಸಮುದ್ರದ ಬಗ್ಗೆ, ಕಾಡಿನ ಬಗ್ಗೆ, ಮುಗಿದುಹೋದ ಪೆಟ್ರೋಲಿನ ಬಗ್ಗೆ ದೊಡ್ಡ ದೊಡ್ಡ ವಿಷಯ ಆರಿಸಿಕೊಂಡಿದ್ದಾರೆ. ನಾನು ನಿನ್ನೆಯ ಹುಟ್ಟುಹಬ್ಬದ ಬಗ್ಗೆ ಬರೆಯುತ್ತಿದ್ದೇನೆ. ಮಾರ್ಕ್ಸ್ ಸಿಗುತ್ತದೋ ಇಲ್ಲವೋ ಎಂಬ ಭಯ ಇದ್ದೇ ಇದೆ. ಆದರೆ ನನ್ನ ಬೆರಳುಗಳಲ್ಲಿ ಇನ್ನೂ ಈರುಳ್ಳಿ ವಾಸನೆ ಇದೆ, ಬೇರೆ ಯಾವುದನ್ನೂ ಬರೆಯಲು ಈಗ ನನ್ನಿಂದ ಆಗದು.

ಮೊದಲು ತಾರೀಖಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಕ್ಯಾಲೆಂಡರಿನಲ್ಲಿ ಮೇ ತಿಂಗಳು ಮೂವತ್ತೊಂದಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಮೇ ಮುಗಿಯುವುದಿಲ್ಲ. ಮಳೆ ಸಕಾಲಕ್ಕೆ ಬಂದರೆ ಸರಿ, ಬಾರದಿದ್ದರೆ ಮೂವತ್ತೆರಡು, ಮೂವತ್ತಮೂರು ಎಂದು ಎಣಿಸುತ್ತ ಹೋಗುತ್ತೇವೆ. ಮಳೆ ಬಿದ್ದ ದಿನವೇ ಜೂನ್ ಒಂದು, ಅವತ್ತೇ ಶಾಲೆಯೂ ಶುರು. ಜೂನಿಗೆ ಉಳಿದಷ್ಟೇ ದಿನ. ಇದು ಶುರುವಾದದ್ದು ತಂಪಿನ ಹಂಚಿಕೆಗಾಗಿ. ಬೇಸಿಗೆಯಲ್ಲಿ ಪ್ರತಿ ಮನೆಗೂ ತಂಪಿಟ್ಟಿಗೆ ಕೊಡುತ್ತಾರೆ. ನೋಡಲು ಸುಟ್ಟ ಇಟ್ಟಿಗೆಯ ಹಾಗೇ ಇರುತ್ತದೆ, ಆದರೆ ಒಳಗೆಲ್ಲ ಚಳಿ ತುಂಬಿರುತ್ತದೆ. ಬೀದಿಯ ಕೊನೆಯ ತಂಪುಮನೆಯಿಂದ ಅದನ್ನು ಕಂಬಳಿಯಲ್ಲಿ ಸುತ್ತಿ ತಂದು ಕೋಣೆಯ ಮೂಲೆಯಲ್ಲಿ ಬಿಚ್ಚಿಟ್ಟರೆ ಒಂದು ಮಧ್ಯಾಹ್ನ ಬದುಕಬಹುದು. ಕಂಬಳಿ ಬಿಚ್ಚದಿದ್ದರೆ ವಾರವಾದರೂ ಚಳಿ ಹಾಗೇ ಇರುತ್ತದೆ. ಮೇ ಮುಗಿಯುವವರೆಗೆ ಇಟ್ಟಿಗೆ ಕೊಡಬೇಕೆಂಬುದು ಕಾನೂನು. ಹಿಂದೊಮ್ಮೆ ಕ್ಯಾಲೆಂಡರಿನಲ್ಲಿ ಮೇ ಮುಗಿಯಿತು, ಬಿಸಿಲು ಮುಗಿಯಲಿಲ್ಲ. ಜನ ಇಟ್ಟಿಗೆ ಬಿಡಲಿಲ್ಲ, ತಿಂಗಳನ್ನೇ ಉದ್ದ ಮಾಡಿಕೊಂಡರು.

ಈಗ ನನ್ನ ತಮ್ಮ ಶಿಶಿರನ ಕಷ್ಟ ನಿಮಗೆ ಅರ್ಥವಾಗುತ್ತದೆ. (ನಮ್ಮ ಕಾಲದಲ್ಲಿ ಮಕ್ಕಳಿಗೆ ಇಂಥ ಚಳಿಯ ಹೆಸರೇ ಇಡುತ್ತಾರೆ. ನನ್ನ ಕ್ಲಾಸಿನಲ್ಲಿ ಮೂವರು ತುಷಾರರಿದ್ದಾರೆ.) ಅವನು ಹುಟ್ಟಿದ್ದು ಮೇ ಮೂವತ್ತಾರಕ್ಕೆ. ಅವನು ಹುಟ್ಟಿದ ವರ್ಷ ಮಳೆ ತಡವಾಗಿತ್ತು. ಆಮೇಲೆ ಪ್ರತಿ ವರ್ಷವೂ ಮಳೆ ಅದಕ್ಕೆ ಮೊದಲೇ ಬಂದುಬಿಟ್ಟಿತು. ಹೀಗಾಗಿ ಮೇ ಮೂವತ್ತಾರು ಎಂಬ ದಿನ ಮತ್ತೆ ಬರಲೇ ಇಲ್ಲ. ವಯಸ್ಸೇನೋ ಯುಗಾದಿಗೆ ಎಲ್ಲರಿಗೂ ಒಟ್ಟಿಗೇ ಏರುತ್ತದೆ, ಹಾಗಾಗಿ ಅವನಿಗೆ ಏಳಾಗಿದೆ. ಆದರೆ ಹಬ್ಬ ಮಾಡುವುದು ಹುಟ್ಟಿದ ತಾರೀಖಿಗೇ, ಇನ್ನೊಂದು ದಿನಕ್ಕೆ ಮುಂದೂಡುವುದಿಲ್ಲ. ಬೇರೆ ಮಕ್ಕಳ ಹುಟ್ಟುಹಬ್ಬಗಳಿಗೆಲ್ಲ ಹೋಗಿ ತಿಂದು ಬಂದ ಈ ಹುಡುಗ ತನ್ನದನ್ನು ಒಮ್ಮೆಯೂ ಕಂಡಿರಲಿಲ್ಲ. ಈ ವರ್ಷ ಊರೆಲ್ಲ ಮಳೆಗಾಗಿ ಆಕಾಶ ನೋಡುತ್ತಿದ್ದಾಗ ಅವನೊಬ್ಬ ಮಹಡಿ ಹತ್ತಿ ಮೋಡಗಳನ್ನು ಕೈಬೀಸಿ ಓಡಿಸುತ್ತಿದ್ದ. ಪಕ್ಕದ ಮನೆಯ ಕೊಟ್ರಮ್ಮತ್ತೆ ಅದನ್ನು ನೋಡಿ, ಇಡೀ ಊರಿನ ಬಾಯಿಗೆ ಮಣ್ಣು ಹಾಕೋಕೆ ಹುಟ್ಟಿದಾನೆ ಎಂದು ಬೈದರಂತೆ. ಬೈದು ಮಜ್ಜಿಗೆ ಕೊಟ್ಟು ಕಳಿಸಿದರಂತೆ.

ಹೊಂಗೆಸಾಲಿನಲ್ಲಿ ಹುಟ್ಟುಹಬ್ಬ ಹೇಗೆ ನಡೆಯುತ್ತದೆ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಸಾಲು ಎಂದರೆ ಒಂದೇ ನೆರಳುಚಪ್ಪರದ ಕೆಳಗೆ ಎದುರುಬದುರು ಇರುವ ಮನೆಗಳು, ಎಲ್ಲರಿಗೂ ಸೇರಿ ಒಂದು ತಂಪುಮನೆ, ಒಂದು ಸಾಲುದನಿ. ಸಾಲುದನಿ ಎಂಬುದು ಕಂಬಕ್ಕೆ ಕಟ್ಟಿದ ಮೈಕು. ಯಾರು ಬೇಕಾದರೂ ಹೋಗಿ ಸುದ್ದಿ ಹೇಳಬಹುದು. ನಾನು ರಜೆಗೆ ಬಂದು ಹೋಗುವವಳು, ರಜೆಯೂ ಚಳಿಗಾಲದಲ್ಲಿ. ಹಾಸ್ಟೆಲಿನಲ್ಲಿ ಹುಟ್ಟುಹಬ್ಬ ತಿಂಗಳಿಗೊಂದು. ಆ ತಿಂಗಳಲ್ಲಿ ಹುಟ್ಟಿದವರನ್ನೆಲ್ಲ ಊಟದ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ, ಹೆಸರು ಓದಿ, ಕೊನೆಗೆ ಎಲ್ಲರಿಗೂ ಸೇರಿಸಿ ಒಂದು ಚಪ್ಪಾಳೆ. ಆ ಚಪ್ಪಾಳೆಯಲ್ಲಿ ನನ್ನ ಪಾಲಿಗೆ ಬಂದದ್ದೆಷ್ಟು ಎಂದು ಯೋಚಿಸುತ್ತ ಲಡ್ಡು ತಿನ್ನುತ್ತಿದ್ದೆ. ಹುಟ್ಟುಹಬ್ಬ ಎಂದರೆ ನನಗೆ ಗೊತ್ತಿದ್ದದ್ದು ನಿಮ್ಮದೊಂದೇ, ಅಜ್ಜಿ.

ಹೌದು, ನಿಮ್ಮ ಮೊದಲ ಹುಟ್ಟುಹಬ್ಬದ ವಿಡಿಯೋ ನಮ್ಮ ಮನೆಯಲ್ಲಿ ಉಳಿದುಕೊಂಡಿದೆ. ಹಾಸ್ಟೆಲಿನಲ್ಲಿ ಮನೆ ನೆನಪಾದಾಗಲೆಲ್ಲ ಅದನ್ನೇ ನೋಡುತ್ತಿದ್ದೆ. ಅಬ್ಬಾ, ಆ ಪಾರ್ಟಿ ಹಾಲ್! ಬಲೂನಿನ ಕಮಾನು, ನಿಮ್ಮ ಹೆಸರಿನ ಒಂದೊಂದು ಅಕ್ಷರದೊಳಗೂ ದೀಪ, ಮೂರು ಅಂತಸ್ತಿನ ಕೇಕು, ಕರಡಿ ವೇಷ ಹಾಕಿದ ಒಬ್ಬ ಮನುಷ್ಯ. ಅವನನ್ನು ಕಂಡು ನೀವು ಕಿರುಚುತ್ತೀರಿ, ಅವನು ಪಾಪ ಗೋಡೆಯ ಕಡೆ ತಿರುಗಿ ನಿಲ್ಲುತ್ತಾನೆ. ನಿಮಗೆ ಮೂರು ಸಲ ಬಟ್ಟೆ ಬದಲಿಸುತ್ತಾರೆ. ಹೋಗುವವರಿಗೆಲ್ಲ ಬಾಗಿಲಲ್ಲಿ ಒಂದೊಂದು ಚೀಲ ಕೊಡುತ್ತಾರೆ. ಅದರ ಹೆಸರು ರಿಟರ್ನ್ ಗಿಫ್ಟ್. ತಂದವರ ಉಡುಗೊರೆಯನ್ನು ಅವರಿಗೇ ವಾಪಸು ಕೊಡುವುದು ಎಂದು ನಾನು ತುಂಬಾ ದಿನ ಅಂದುಕೊಂಡಿದ್ದೆ. ವಿಡಿಯೋದ ಮೊದಲಿಗೆ ಬಂಗಾರದ ಅಕ್ಷರಗಳಲ್ಲಿ ಕರೆಯೋಲೆ ಬರುತ್ತದೆ. ಉಡುಗೊರೆ ಬೇಡ, ನಿಮ್ಮ ಆಶೀರ್ವಾದವೇ ಉಡುಗೊರೆ ಎಂದು ಅದರಲ್ಲಿದೆ. ಎಷ್ಟು ದೊಡ್ಡ ಮನಸ್ಸು ಎಂದು ನನಗೆ ಕಣ್ಣು ತುಂಬಿ ಬರುತ್ತಿತ್ತು. ಯಾರಿಂದಲೂ ಏನೂ ಕೇಳದೆ ಎಲ್ಲವನ್ನೂ ತಾವೇ ಮಾಡುವುದು! ನನ್ನ ತಮ್ಮನಿಗೆ ಒಂದೇ ಒಂದು ಹುಟ್ಟುಹಬ್ಬ ಬರುವುದಾದರೆ ಅದು ಇಂಚರ ಅಜ್ಜಿಯ ಹುಟ್ಟುಹಬ್ಬದ ಹಾಗೇ ಇರಬೇಕು ಎಂದು ತೀರ್ಮಾನಿಸಿಬಿಟ್ಟೆ.

ಸಂಕ್ರಾಂತಿಗೆ ಅಮ್ಮನಿಗೆ ಫೋನಿನಲ್ಲೇ ಹೇಳಿದೆ. ಸಾಲಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಒಂದು ಮಧ್ಯಾಹ್ನ ಕುಣಿಯಬೇಕಾದರೆ ಒಂದು ಮನೆಗೆ ಇಡೀ ಬೇಸಿಗೆ ಬರುವಷ್ಟು ಇಟ್ಟಿಗೆ ಬೇಕು. ಅಮ್ಮ ತಂಪುಮನೆಯಲ್ಲೇ ಕೆಲಸ ಮಾಡುವವಳು, ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಇಲ್ಲಿ ಹಾಗಲ್ಲ ಕಣೇ ಎಂದು ಶುರುಮಾಡಿದವಳು ಅಲ್ಲಿಗೇ ಬಿಟ್ಟಳು. ಹಾಸ್ಟೆಲ್ ಸೇರಿದ ಮೇಲೆ ನನ್ನ ಒಂದು ಹುಟ್ಟುಹಬ್ಬವನ್ನೂ ಮನೆಯಲ್ಲಿ ಮಾಡಿರಲಿಲ್ಲವಲ್ಲ, ಅದು ಅವಳ ಮನಸ್ಸಿನಲ್ಲಿತ್ತೋ ಏನೋ. ಆಯಿತು, ಉಳಿಸುತ್ತೇನೆ ಎಂದಳು. ಬೇಸಿಗೆ ಶುರುವಾದಾಗಿನಿಂದ ಬಂದ ಇಟ್ಟಿಗೆ ತೆಗೆದುಕೊಳ್ಳದೆ ನಮ್ಮ ಹೆಸರಿಗೇ ಜಮೆ ಇಡುತ್ತ ಬಂದಳು. ಅವಳೂ ಶಿಶಿರನೂ ಬಿಸಿ ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ ಮಲಗುತ್ತಿದ್ದರು. ನಾನು ಹಾಸ್ಟೆಲಿನ ತಂಪಿನಲ್ಲಿ ಕೂತು ಅಲಂಕಾರದ ಚಿತ್ರ ಬರೆಯುತ್ತಿದ್ದೆ.

ಹಬ್ಬಕ್ಕೆಂದೇ ರಜೆ ಹಾಕಿ ನಾನು ಮನೆಗೆ ಬಂದಾಗ ಮೇ ಮೂವತ್ತನಾಲ್ಕು. ಆಕಾಶದಲ್ಲಿ ಒಂದು ಮೋಡವಿಲ್ಲ. ಶಿಶಿರ ನನ್ನನ್ನು ಕಂಡೊಡನೆ ಅಂಗಿ ಎತ್ತಿ ಬೆನ್ನು ತೋರಿಸಿದ, ಪೂರ್ತಿ ಬೆವರುಸಾಲೆ. ಹೆಮ್ಮೆಯಿಂದಲೇ ತೋರಿಸಿದ, ಇದು ಪಾರ್ಟಿಗೋಸ್ಕರ ಎಂದ. ಇನ್ನೆರಡೇ ದಿನ ಎಂದು ಅವನ ಬೆನ್ನಿಗೆ ಗಂಧ ಹಚ್ಚಿ, ಅಲಂಕಾರಕ್ಕೆ ಕೂತುಬಿಟ್ಟೆ. ಬಲೂನು ಈಗ ಸಿಗುವುದಿಲ್ಲ. ಹಳೆಯ ಸೀರೆಗಳಲ್ಲಿ ಹೊಟ್ಟು ತುಂಬಿ ದುಂಡಗೆ ಕಟ್ಟಿ ಕಮಾನು ಮಾಡಿದೆ. ಕುಕ್ಕರಿನಲ್ಲಿ ರಾಗಿಯ ಕೇಕು ಬೇಯಿಸಿದೆ, ಮೂರು ಅಂತಸ್ತು. ನಡುವಿನದು ಸ್ವಲ್ಪ ವಾಲಿತ್ತು, ಗೋಡೆಗೆ ಒರಗಿಸಿಟ್ಟೆ. ರಿಟರ್ನ್ ಗಿಫ್ಟಿಗೆ ಪ್ರತಿ ಮಗುವಿಗೂ ಒಂದು ಬಟ್ಟೆಯ ಬೀಸಣಿಗೆ ಹೊಲಿದೆ. ಶಿಶಿರ ನನ್ನ ಸುತ್ತಲೇ ಸುತ್ತುತ್ತ, ಅಕ್ಕಾ ಈರುಳ್ಳಿ ಎಲ್ಲಿ, ಈರುಳ್ಳಿ ಎಲ್ಲಿ ಎಂದು ಕೇಳುತ್ತಿದ್ದ. ಈರುಳ್ಳಿ ಯಾಕೋ, ಕೇಕ್ ಇದೆಯಲ್ಲ ಎಂದಷ್ಟೇ ನಾನು ಹೇಳಿದೆ. ಅವನು ಕೇಕನ್ನು ನೋಡಿದ, ಅದರ ಹಿಂದೆಯೂ ಇಣುಕಿ ನೋಡಿದ.

ಮೇ ಮೂವತ್ತಾರರ ಬೆಳಗ್ಗೆ ಕಣ್ಣು ಬಿಡುತ್ತಲೇ ನಾವಿಬ್ಬರೂ ಹೊರಗೋಡಿದೆವು. ನೆಲ ಒಣಗಿತ್ತು! ದಿನ ಬಂದೇ ಬಿಟ್ಟಿತ್ತು! ಇಂಥ ಹಬ್ಬಗಳಿಗೆ ಕರೆಯುವುದು ಅದೇ ದಿನ ಬೆಳಗ್ಗೆಯೇ, ಯಾಕೆಂದರೆ ಹಿಂದಿನ ದಿನ ಯಾರಿಗೂ ಖಾತ್ರಿ ಇರುವುದಿಲ್ಲ. ಅಮ್ಮ ಆಗಲೇ ತಂಪುಮನೆಗೆ ಹೋಗಿದ್ದಳು, ಸುದ್ದಿ ಹೇಳಲು ಶಿಶಿರನೂ ಅಲ್ಲಿಗೆ ಓಡಿದ. ಅಲ್ಲಿ ಯಂತ್ರದ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ನಾನು ಸಾಲುದನಿಯ ಮುಂದೆ ನಿಂತೆ. ಮೈಕು ಹಿಡಿದದ್ದು ಜೀವನದಲ್ಲಿ ಅದೇ ಮೊದಲು, ಧ್ವನಿ ಗಡಗಡ ನಡುಗುತ್ತಿತ್ತು. ನಿಮ್ಮ ಕರೆಯೋಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದೆ: ಇವತ್ತು ಸಂಜೆ ಎಲ್ಲರೂ ನಮ್ಮ ಮನೆಗೆ ಬನ್ನಿ. ಯಾರೂ ಏನೂ ತರಬೇಡಿ, ಬರಿಗೈಯಲ್ಲಿ ಬನ್ನಿ. ಹುಟ್ಟುಹಬ್ಬ ಎಂಬ ಮಾತು ಹೇಳಲಿಲ್ಲ. ಶಿಶಿರ ತಿಂಗಳಿಂದ ಮನೆಮನೆಗೆ ಹೇಳಿಕೊಂಡು ಬಂದಿದ್ದ, ಮತ್ತೆ ನಾನೇಕೆ ಹೇಳಲಿ ಎಂದುಕೊಂಡೆ.

ಆಮೇಲೆ ಸಾಲು ತಣ್ಣಗಾಯಿತು. ರೇಡಿಯೋ ಇಲ್ಲ, ಮಕ್ಕಳ ಗಲಾಟೆ ಇಲ್ಲ, ಒಗ್ಗರಣೆಯ ಸದ್ದೂ ಇಲ್ಲ. ಎಲ್ಲರೂ ಸಂಜೆಯ ಪಾರ್ಟಿಗಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ನಾನು ತಿಳಿದೆ. ಸಂಜೆಗೆ ಸ್ವಲ್ಪ ಮೊದಲು ಅಮ್ಮ ಕೈಗಾಡಿಯಲ್ಲಿ ಇಟ್ಟಿಗೆಗಳನ್ನು ತಂದಳು. ಬಿಚ್ಚಿಟ್ಟ ಕೂಡಲೇ ಕೋಣೆ ಹೇಗೆ ತಂಪಾಯಿತು ಎನ್ನುತ್ತೀರಿ! ಶಿಶಿರ ಕಾಗದದ ಕಿರೀಟ ಹಾಕಿಕೊಂಡು ಹೊಸ್ತಿಲ ಬಳಿ ಕೂತ.

ಅವರು ಬಂದರು, ಅಜ್ಜಿ. ಎಲ್ಲರೂ ಒಟ್ಟಿಗೇ ಬಂದರು. ಮಾಸಿದ ಬಿಳಿ ಬಟ್ಟೆ, ತಲೆ ತಗ್ಗಿಸಿದ ಗಂಡಸರು, ತಾಯಂದಿರ ಸೆರಗು ಹಿಡಿದು ಬಾಯಿ ಮುಚ್ಚಿಕೊಂಡ ಮಕ್ಕಳು. ಚಪ್ಪಲಿಗಳನ್ನು ಬಾಗಿಲಿಗೆ ಬೆನ್ನು ಮಾಡಿ ಬಿಟ್ಟರು. ಒಬ್ಬರ ಕೈಯಲ್ಲೂ ಏನೂ ಇರಲಿಲ್ಲ. ಕೊಟ್ರಮ್ಮತ್ತೆ ಸೀದಾ ಬಂದು ಅಮ್ಮನನ್ನು ತಬ್ಬಿಕೊಂಡು, ಆ ಹುಡುಗನ ದಿನಾನೇ ಹಿಂಗಾಗಬೇಕಿತ್ತಾ ತಾಯೀ ಎಂದು ಬಿಕ್ಕಿದರು. ಅಮ್ಮನಿಗೆ ಏನೂ ತೋಚದೆ ಅವಳೂ ಬಿಕ್ಕಿದಳು. ಶಿಶಿರ ಎಲ್ಲರ ಖಾಲಿ ಕೈಗಳನ್ನೂ ಒಂದೊಂದಾಗಿ ನೋಡಿದ. ಅವನು ಸಾಲಿನಲ್ಲಿ ಬೆಳೆದವನು, ಅವನಿಗೆ ಗೊತ್ತಾಯಿತು.

“ಯಾರು ಸತ್ತಿದ್ದು?” ಎಂದ.

“ನೀನೇ ಹೇಳಪ್ಪ,” ಎಂದರು ಕೊಟ್ರಮ್ಮತ್ತೆ.

ಸಾಲಿನ ಪದ್ಧತಿ ಏನೆಂದು ಆಗ ನನಗೆ ತಿಳಿಯಿತು. ಇಲ್ಲಿ ಯಾರ ಮನೆಯ ಹುಟ್ಟುಹಬ್ಬಕ್ಕೂ ಆ ಮನೆಯವರು ಏನೂ ಮಾಡುವುದಿಲ್ಲ. ಬರುವ ಪ್ರತಿ ಮನೆಯವರೂ ಕಂಬಳಿಯಲ್ಲಿ ಸುತ್ತಿದ ಒಂದು ಇಟ್ಟಿಗೆ ತರುತ್ತಾರೆ, ಜೊತೆಗೆ ಮಂಡಕ್ಕಿಗೆ ಬೇಕಾದ ಒಂದು ಸಾಮಾನು. ಒಬ್ಬರು ಟೊಮೆಟೊ, ಒಬ್ಬರು ಹುರಿಗಡಲೆ ಪುಡಿ, ಒಬ್ಬರು ಮೆಣಸಿನಕಾಯಿ. ದೊಡ್ಡ ಕೊಪ್ಪರಿಗೆಯಲ್ಲಿ ಎಲ್ಲ ಕಲಸುತ್ತಾರೆ. ನೀವು ಕೇಕ್ ಕತ್ತರಿಸುವ ಹಾಗೆ ಇಲ್ಲಿ ಹುಟ್ಟುಹಬ್ಬದ ಮಗು ಮೊದಲ ಈರುಳ್ಳಿ ಕತ್ತರಿಸುತ್ತದೆ, ಕಣ್ಣೀರು ಸುರಿಸುತ್ತದೆ, ಎಲ್ಲರೂ ನಗುತ್ತಾರೆ. ಏನೂ ತರಬೇಡಿ ಎಂದು ಒಂದು ಮನೆ ಹೇಳುವುದು ಸಾವಾದಾಗ ಮಾತ್ರ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬೇಕು, ಯಾರು ಏನು ಎಂದು ಕೇಳಬಾರದು, ಹೋಗಿ ಸುಮ್ಮನೆ ಕೂರಬೇಕು. ನಾನು ನಡುಗುವ ಧ್ವನಿಯಲ್ಲಿ ಬರಿಗೈಯಲ್ಲಿ ಬನ್ನಿ ಎಂದದ್ದನ್ನು ಕೇಳಿ ಬೆಳಗಿನಿಂದ ಇಡೀ ಸಾಲು ಒಲೆ ಹಚ್ಚಿರಲಿಲ್ಲ.

ಕಮಾನು, ಕೇಕು, ಕಿರೀಟ ಎಲ್ಲವನ್ನೂ ನೋಡಿದ ಮೇಲೆ ಒಬ್ಬೊಬ್ಬರಿಗೇ ವಿಷಯ ಅರ್ಥವಾಯಿತು. ನಾನು ಕ್ಷಮಿಸಿ ಕ್ಷಮಿಸಿ ಎನ್ನುತ್ತಲೇ ಇದ್ದೆ, ಇಂಗ್ಲಿಷಿನಲ್ಲೂ ಹೇಳಿದೆ. ಯಾರೂ ನಗಲಿಲ್ಲ. ಮಗುವಿನ ಹಬ್ಬಕ್ಕೆ ಸಾವಿನ ಮಾತಾಡಿ ಕರೆಯುವುದೇ ಎಂದು ಹಿಂದೆ ಯಾರೋ ಗೊಣಗಿದರು. ಸಾವಿಗೆಂದು ಹೊರಟವರು ಅದೇ ಬಟ್ಟೆಯಲ್ಲಿ ಹಬ್ಬ ಮಾಡುವಂತಿಲ್ಲ, ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಅವತ್ತಿನ ನೀರಿನ ಪಾಲು ಎಲ್ಲರ ಮನೆಯಲ್ಲೂ ಆಗಲೇ ಮುಗಿದಿತ್ತು. ಹಿರಿಯರೊಬ್ಬರು ತುಂಬಾ ಮರ್ಯಾದೆಯಿಂದಲೇ, ನಾಳೆ ಬರುತ್ತೇವೆ ಎಂದರು. ಜನ ಚಪ್ಪಲಿ ಹುಡುಕತೊಡಗಿದರು. ಅದೇ ಹೊತ್ತಿಗೆ ಪಶ್ಚಿಮದಲ್ಲಿ, ಇಷ್ಟು ದಿನ ಇಲ್ಲದ್ದು, ಒಂದು ಕಪ್ಪು ಮೋಡ. ನಾಳೆ ಮೇ ಮೂವತ್ತಾರು ಅಲ್ಲ. ಇನ್ನು ಅದು ಬರುವುದು ಮುಂದಿನ ವರ್ಷವೋ, ಅವನಿಗೆ ಮೀಸೆ ಬಂದ ಮೇಲೋ ಯಾರಿಗೆ ಗೊತ್ತು? ಹೊಸ್ತಿಲ ಕಡೆ ನೋಡಿದೆ. ಕಿರೀಟ ನೆಲದ ಮೇಲಿತ್ತು, ಹುಡುಗ ಇರಲಿಲ್ಲ.

ಅಷ್ಟರಲ್ಲಿ ಕಂಬದ ಮೇಲೆ ಮೈಕು ಕುಂಯ್ ಎಂದಿತು.

“ನಾನು ಶಿಶಿರ. ನಮ್ಮನೇಲಿ ಯಾರೂ ಸತ್ತಿಲ್ಲ. ಇವತ್ತು ನನ್ನ ಹುಟ್ಟಿದಬ್ಬ. ನಮ್ಮನೇಲಿ ಕೇಕ್ ಐತೆ, ಈರುಳ್ಳಿ ಇಲ್ಲ. ನನಗೆ ಈರುಳ್ಳಿ ಹೆಚ್ಚಬೇಕು. ದಯವಿಟ್ಟು ತಗಂಬರ್ರಿ.” ಮೈಕು ಮತ್ತೊಮ್ಮೆ ಕುಂಯ್ ಎಂದಿತು. “ಮಳೆ ಬರೋದ್ರೊಳಗೆ ತಗಂಬರ್ರಿ.”

ಚಪ್ಪಲಿ ಹಾಕಿಕೊಂಡವರು ಹಾಕಿಕೊಂಡಲ್ಲೇ ನಿಂತರು. ಎಲ್ಲರೂ ಕೊಟ್ರಮ್ಮತ್ತೆಯ ಮುಖ ನೋಡಿದರು, ಇಂಥ ವಿಷಯಗಳಲ್ಲಿ ಸಾಲಿಗೆ ಅವರ ಮಾತೇ ಕೊನೆ. ಅವರು ಸೆರಗಿನಲ್ಲಿ ಮೂಗೊರೆಸಿಕೊಂಡು, “ಸತ್ತೋರೇ ಇಲ್ಲ ಅಂದ್ಮೇಲೆ ಸೂತಕ ಎಲ್ಲಿಂದ ಬಂತು? ನಡೀರಿ, ಬಟ್ಟೆ ಬದಲಿಸ್ಕಂಡು ಬರ್ರಿ,” ಎಂದರು. ಅಷ್ಟೆ. ನನ್ನ ಬದುಕಿನಲ್ಲಿ ಜನ ಅಷ್ಟು ಜೋರಾಗಿ ಓಡಿದ್ದನ್ನು ನೋಡಿರಲಿಲ್ಲ. ಪ್ರತಿ ಬಾಗಿಲೂ ಧಡಧಡ ತೆರೆಯಿತು, ಡಬ್ಬಗಳು ಉರುಳಿದವು, ಯಾರದೋ ಮಗು ಹಸಿರು ಅಂಗಿಯ ಒಂದೇ ತೋಳಿಗೆ ಕೈ ತೂರಿಸಿಕೊಂಡು ಓಡಿಬಂತು. ಕಂಬಳಿ ಸುತ್ತಿದ ಇಟ್ಟಿಗೆಗಳನ್ನು ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಎಲ್ಲರೂ ಬಂದರು. ಮತ್ತು ಎಲ್ಲರೂ, ಅಜ್ಜಿ, ಒಬ್ಬರೂ ಬಿಡದೆ ಎಲ್ಲರೂ ಈರುಳ್ಳಿ ತಂದರು! ಅವನು ಕೇಳಿದ್ದು ಅದೊಂದನ್ನೇ ತಾನೇ. ನಮ್ಮ ಹಜಾರದಲ್ಲಿ ಶಿಶಿರನ ಮೊಣಕಾಲೆತ್ತರಕ್ಕೆ ಈರುಳ್ಳಿ ರಾಶಿ ಬಿತ್ತು. ಮಂಡಕ್ಕಿ ಭಟ್ಟಿಯ ನಜೀರಣ್ಣನ ಕೈಯಲ್ಲೂ ಈರುಳ್ಳಿ. ಅವರು ರಾಶಿ ನೋಡಿ, ತಮ್ಮ ಕೈ ನೋಡಿಕೊಂಡು, “ಎಲ್ರೂ ಈರುಳ್ಳಿ ತಂದ್ರೆ ಮಂಡಕ್ಕಿ ತರೋರು ಯಾರ್ರೀ? ಇದೇನು ಹುಟ್ಟಿದಬ್ಬನಾ, ಎಪಿಎಂಸಿ ಯಾರ್ಡಾ?” ಎನ್ನುತ್ತ ಮಂಡಕ್ಕಿ ಚೀಲ ತರಲು ವಾಪಸು ಹೋದರು.

ಶಿಶಿರ ಈಳಿಗೆಮಣೆಯ ಮುಂದೆ ಕೂತ. ಕೊಟ್ರಮ್ಮತ್ತೆ ಹಿಂದೆ ಕೂತು ಅವನ ಕೈ ಹಿಡಿದರು. ಮೊದಲ ಈರುಳ್ಳಿ ಕತ್ತರಿಸಿದ, ಕಣ್ಣಲ್ಲಿ ನೀರು ಬಂತು, ಸಾಲೆಲ್ಲ ಹೋ ಎಂದಿತು. ಅವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ, ಇನ್ನೊಂದು ಬೇಕೆಂದ, ಮತ್ತೊಂದು ಬೇಕೆಂದ. ತಪ್ಪಿಹೋದ ವರ್ಷಗಳದ್ದೂ ಸೇರಿಸಿ ಹೆಚ್ಚುತ್ತಿದ್ದಾನೆ ಎಂದು ನನಗೆ ಆಮೇಲೆ ಹೊಳೆಯಿತು. ಉಳಿದ ರಾಶಿಗೆ ಎಲ್ಲರೂ ಕೈ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಇಡೀ ಮನೆ ಮೂಗು ಸೊರ್ ಎನ್ನುತ್ತ ಅಳುತ್ತಿತ್ತು. ಅಳಬೇಕೆಂದು ಬಂದವರು ಕೊನೆಗೂ ಅತ್ತರು. ನಾನೂ ಅತ್ತೆ, ಅದರಲ್ಲಿ ಈರುಳ್ಳಿಯ ಪಾಲು ಎಷ್ಟೆಂದು ಹೇಳಲಾರೆ.

ನನ್ನ ಕೇಕನ್ನು ಯಾರೂ ಬಿಡಲಿಲ್ಲ. ಮಂಡಕ್ಕಿಯ ಮೇಲೆ ಪುಡಿ ಮಾಡಿ ಹಾಕಿದರು. ಚೆನ್ನಾಗಿರಲಿಲ್ಲ, ಆದರೂ ಎಲ್ಲ ಖಾಲಿಯಾಯಿತು. ಕೋಣೆಯ ಮೂಲೆಯಲ್ಲಿ ಬಿಚ್ಚಿಟ್ಟಿದ್ದ ನಮ್ಮ ಇಟ್ಟಿಗೆಗಳನ್ನು ಕಂಡು ಕೊಟ್ರಮ್ಮತ್ತೆ ಇಷ್ಟೊಂದು ಎಲ್ಲಿಂದ ಬಂತು ಎಂದು ಕೇಳಿದರು. ಅಮ್ಮ ಮೆಲ್ಲಗೆ ಹೇಳಿದಳು. ಅತ್ತೆ ಶಿಶಿರನನ್ನು ಹತ್ತಿರ ಎಳೆದು, ಅಂಗಿ ಎತ್ತಿ ಬೆನ್ನು ನೋಡಿದರು. ಅಮ್ಮನ ಕಡೆ, ಆಮೇಲೆ ನನ್ನ ಕಡೆ ತಿರುಗಿದರು.

“ಮಗೂನ ಹಬ್ಬಕ್ಕೆ ಮಗೂನೇ ಬೇಯಿಸಿದ್ರೇನವ್ವಾ?”

ಉತ್ತರಕ್ಕೆ ಅವರು ಕಾಯಲಿಲ್ಲ. ನಮ್ಮ ಇಟ್ಟಿಗೆಗಳನ್ನೆಲ್ಲ ತಾವೇ ಕಂಬಳಿಯಲ್ಲಿ ಮತ್ತೆ ಸುತ್ತಿಸಿ ಮಂಚದ ಕೆಳಗೆ ಇಡಿಸಿದರು. ಹಬ್ಬ ನಡೆದದ್ದು ಸಾಲಿನವರು ತಂದ ತಂಪಿನಲ್ಲಿ. ಇವತ್ತು ಮಧ್ಯಾಹ್ನ ಶಿಶಿರ ಉಳಿಸಿಟ್ಟ ತಂಪಿನಲ್ಲಿ ಬರಿ ಬೆನ್ನಿನಲ್ಲಿ ಬೋರಲು ಮಲಗಿದ್ದಾನೆ, ನಾನು ಪಕ್ಕದಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ಆ ಕಪ್ಪು ಮೋಡ ಸುಮ್ಮನೆ ಹಾದುಹೋಯಿತು. ಬೆಳಗ್ಗೆ ಅವನು ಮಹಡಿ ಹತ್ತಿ, ಇನ್ನು ಮಳೆ ಬೇಕಾದರೆ ಬರಬಹುದು ಎಂದು ಪರ್ಮಿಷನ್ ಕೊಟ್ಟ. ಕೆಳಗಿನಿಂದ ಕೊಟ್ರಮ್ಮತ್ತೆ, ದೊಡ್ಡ ಉಪಕಾರ ಆಯ್ತು ಸ್ವಾಮಿ ಎಂದು ಕೈಮುಗಿದರು.

ಈಗ ನಿಮ್ಮ ವಿಡಿಯೋವನ್ನು ಮತ್ತೊಮ್ಮೆ ನೋಡಿದೆ, ಅಜ್ಜಿ. ಇಷ್ಟು ವರ್ಷ ನಾನು ಬಲೂನು ನೋಡುತ್ತಿದ್ದೆ, ಇವತ್ತು ಮನುಷ್ಯರನ್ನು ನೋಡಿದೆ. ನಿಮ್ಮ ಅಪ್ಪ ಇಡೀ ಸಂಜೆ ಊಟದವನ ಹಿಂದೆ, ದೀಪದವನ ಹಿಂದೆ ಓಡುತ್ತಿದ್ದಾರೆ. ಎಲ್ಲರ ತಟ್ಟೆಗಳೂ ಕಾಣುತ್ತವೆ, ನಿಮ್ಮ ಅಪ್ಪ ಅಮ್ಮನ ಕೈಯಲ್ಲಿ ಮಾತ್ರ ತಟ್ಟೆ ಇಲ್ಲ. ಬಾಗಿಲ ಬಳಿ ಒಬ್ಬ ವಯಸ್ಸಾದ ಹೆಂಗಸು ಡಬ್ಬಿಯೊಂದನ್ನು ಹಿಡಿದು ನಿಂತಿದ್ದಾರೆ. ಮನೆಯಲ್ಲಿ ಏನೋ ಮಾಡಿ ತಂದಿರಬೇಕು. ಯಾರೋ ಅದನ್ನು ಇಸಿದುಕೊಂಡು ಮೇಜಿನ ಕೆಳಗೆ ಸರಿಸುತ್ತಾರೆ. ಆಮೇಲೆ ಅವರು ಕೈ ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಕೇಕ್ ಕತ್ತರಿಸುವ ಹೊತ್ತಿಗೆ ನೀವು ಅತ್ತು ಅತ್ತು ನಿದ್ದೆ ಹೋಗಿದ್ದೀರಿ. ನಿಮ್ಮ ಮುಷ್ಟಿಯೊಳಗೆ ಚಾಕು ಸಿಕ್ಕಿಸಿ ಯಾರೋ ಕತ್ತರಿಸುತ್ತಾರೆ, ಚಪ್ಪಾಳೆಗೂ ನಿಮಗೆ ಎಚ್ಚರವಾಗುವುದಿಲ್ಲ. ಅದು ತುಂಬಾ ಚೆಂದದ ಹುಟ್ಟುಹಬ್ಬ, ನಿಜ. ಆದರೆ ನಿಮ್ಮ ಎರಡನೆಯ ಹುಟ್ಟುಹಬ್ಬದ ವಿಡಿಯೋ ನಮ್ಮಲ್ಲಿ ಇಲ್ಲ. ಮೂರನೆಯದೂ ಇಲ್ಲ. ನಾಲ್ಕನೆಯದೂ ಇಲ್ಲ. ಕಳೆದುಹೋಗಿರಬಹುದು ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ಒಂದರಲ್ಲೇ ಎಲ್ಲ ಮುಗಿದುಹೋಯಿತೇನೋ ಎಂದು ನನಗೆ ಭಯ.

ನಿಮ್ಮ ಹುಟ್ಟುಹಬ್ಬ ಪ್ರತಿ ವರ್ಷವೂ ಬರುತ್ತದೆ. ಮಳೆ ಬಂದರೂ ಬರುತ್ತದೆ, ಬಾರದಿದ್ದರೂ ಬರುತ್ತದೆ. ಅದು ಎಂಥ ಅದೃಷ್ಟ ಎಂದು ನಿಮಗೆ ಗೊತ್ತಿರಲಾರದು, ಶಿಶಿರನನ್ನು ಕೇಳಬೇಕು. ಅದಕ್ಕೇ ನಿಮ್ಮ ಅಪ್ಪ ಅಮ್ಮನಲ್ಲಿ ನನ್ನದೊಂದು ಕೋರಿಕೆ. ಹಾಲ್ ಬೇಡ ಎನ್ನಲು ನಾನು ಯಾರು? ಬಲೂನು ನನಗೂ ಇಷ್ಟ, ಕರಡಿಯೂ ಇಷ್ಟ. ಆದರೆ ಮುಂದಿನ ವರ್ಷ ಆ ದಿನ ಹತ್ತಿರ ಬಂದಾಗ ಯಾರಾದರೂ ಫೋನ್ ಮಾಡಿ, ಬರುವಾಗ ಏನು ತರಲಿ ಎಂದು ಕೇಳುತ್ತಾರೆ. ಆ ಡಬ್ಬಿಯ ಅಜ್ಜಿಯಂತೂ ಖಂಡಿತ ಕೇಳುತ್ತಾರೆ. ಆಗ ಸಂಕೋಚಪಟ್ಟು ಏನೂ ಬೇಡ ಅಂದುಬಿಡಬೇಡಿ. ಈರುಳ್ಳಿ ತನ್ನಿ ಅನ್ನಿ.

ಇಂತಿ,
ನೀವು ಎತ್ತಿ ಆಡಿಸದ ಮೊಮ್ಮಗಳು
ಹಿಮಜಾ